ಊರಿನ ಹೆಸರು ಮತ್ತು ದತ್ತಾಂಶದ ಪ್ರಕಾರ: ಫಂಕ್ಷನಲ್ ಪ್ರೋಗ್ರಾಮಿಂಗ್‌ನಲ್ಲಿ ಪರಿವರ್ತನೆ ಹಾಗೂ ಸ್ಟ್ರಿಂಗ್ ರಚನೆ

ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಪ್ರದೇಶಗಳು ಕರ್ನಾಟಕದ ಗಡಿಗೆ ಹೊಂದಿಕೊಂಡಿವೆ. ಇಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿದ್ದರೂ ಊರುಗಳ ಹೆಸರು ಆಡಳಿತದ ಪಟ್ಟಿಗಳಲ್ಲಿ ಸಾಮಾನ್ಯವಾಗಿ ತೆಲುಗಿನಲ್ಲಿರುತ್ತದೆ. ಅಂತಹ ಪಟ್ಟಿಯನ್ನು ಗಣಕದ ನೆರವಿನಿಂದ ಕನ್ನಡಕ್ಕೆ ತರುವಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ: ಒಂದು ಪ್ರಕಾರದ ದತ್ತಾಂಶವನ್ನು ಮತ್ತೊಂದಕ್ಕೆ ಪರಿವರ್ತಿಸುವುದು ಹೇಗೆ? ತುಣುಕುಗಳನ್ನು ಕೂಡಿಸಿ ಸ್ಟ್ರಿಂಗ್ ಕಟ್ಟುವುದು ಹೇಗೆ?

1990ರಲ್ಲಿ ಮೊದಲ ನಿರೂಪಣೆ ಕಂಡ ಹ್ಯಾಸ್ಕೆಲ್ ಭಾಷೆಯು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಗದ್ವಾಲ್ ಎಂಬ ಸ್ಟ್ರಿಂಗಿಗೆ ಜಿಲ್ಲೆ ರಚನೆಯಾದ 2016 ಎಂಬ ಸಂಖ್ಯೆಯನ್ನು ನೇರವಾಗಿ ಜೋಡಿಸಲು ಅದು ಒಪ್ಪುವುದಿಲ್ಲ. ಮೊದಲು ‘ಶೋ’ ಎಂಬ ಫಂಕ್ಷನ್ ಸಂಖ್ಯೆಯನ್ನು ಸ್ಟ್ರಿಂಗ್ ಆಗಿಸಬೇಕು. ಬಳಿಕ ++ ಚಿಹ್ನೆಯಿಂದ ಎರಡನ್ನೂ ಕೂಡಿಸಬಹುದು. ಆದರೆ ಈಗಾಗಲೇ ಸ್ಟ್ರಿಂಗ್ ಆಗಿರುವ ‘ಮಕ್ತಲ್’ ಪದಕ್ಕೆ ಅದೇ ‘ಶೋ’ವನ್ನು ಅನ್ವಯಿಸಿದರೆ ಹೆಸರು ಮರೆಯಾಗಿ 3246, 3221, 3277 ಎಂದು ಮುಂದುವರಿಯುವ ಸಂಕೇತಸಂಖ್ಯೆಗಳ ಸಾಲು ಕಾಣಿಸುತ್ತದೆ. ಕಣ್ಣಿಗೆ ಮೂರು ಅಕ್ಷರವಾಗಿರುವ ಈ ಪದವು ಗಣಕಕ್ಕೆ ಆರು ಸಂಕೇತಗಳು. ಎರಡು ವಿರಾಮಚಿಹ್ನೆಗಳೂ ಅಲ್ಲಿ ಎಣಿಕೆಗೆ ಬರುತ್ತವೆ.

ಲಿಪಿ ಪರಿವರ್ತನೆಯೂ ಇದೇ ಸಂಖ್ಯೆಗಳನ್ನು ಆಧರಿಸಿದೆ. ಇಸ್ಕಿ ಮಾದರಿಯನ್ನು ಅನುಸರಿಸಿದ ಯೂನಿಕೋಡ್‌ನಲ್ಲಿ ತೆಲುಗಿನ ಕಕಾರ 3093, ಕನ್ನಡದ ಕಕಾರ 3221. ಎರಡರ ಅಂತರ 128. ಉಳಿದ ಬಹುತೇಕ ಸಮಾನ ಅಕ್ಷರಗಳಿಗೂ ಇದೇ ಅಂತರ. ಆದ್ದರಿಂದ ಅಕ್ಷರವನ್ನು ಸಂಖ್ಯೆಯಾಗಿಸಿ, 128 ಕೂಡಿಸಿ, ಮರಳಿ ಅಕ್ಷರವಾಗಿಸುವ ಮೂರು ಸಣ್ಣ ಫಂಕ್ಷನ್‌ಗಳನ್ನು ಸಂಯೋಜಿಸಿ, ‘ಮ್ಯಾಪ್’ ಮೂಲಕ ಇಡೀ ಸ್ಟ್ರಿಂಗಿಗೆ ಅನ್ವಯಿಸಿದರೆ ಸಾಕು. ತೆಲುಗು ವಿಭಾಗದ ಹೊರಗಿರುವ ಖಾಲಿಸ್ಥಳ, ಅಲ್ಪವಿರಾಮಗಳನ್ನು ಹಾಗೆಯೇ ಬಿಡುವ ಷರತ್ತೂ ಬೇಕು.

ಇಷ್ಟಾದ ಮೇಲೆ ದೊರೆಯುವುದು ‘ನಾರಾಯಣಪೇಟ’. ತೆಲುಗಿನ ರೂಪ ಅಕಾರಾಂತ. ಕನ್ನಡದ ‘ನಾರಾಯಣಪೇಟೆ’ ಎಕಾರಾಂತ. ಲಿಪಿ ಬದಲಾಯಿತು, ಹೆಸರು ಬದಲಾಗಲಿಲ್ಲ. ವಿಭಕ್ತಿ ಪ್ರತ್ಯಯ ಸೇರಿಸುವಾಗ ಇನ್ನೊಂದು ತೊಡಕು: ‘ನಾರಾಯಣಪೇಟೆ’ಗೆ ‘ಅಲ್ಲಿ’ ಸೇರಿದಾಗ ಯಕಾರಾಗಮವಾಗಿ ‘ನಾರಾಯಣಪೇಟೆಯಲ್ಲಿ’ ಎಂದಾಗಬೇಕು. ‘ಮಕ್ತಲ್’ಗೆ ‘ನಲ್ಲಿ’ಯನ್ನು ಜೋಡಿಸಿದರೆ ಲಕಾರಕ್ಕೆ ನಕಾರದ ಒತ್ತು ಬೀಳುತ್ತದೆ, ಅದನ್ನು ತಡೆಯಲು ನಡುವೆ ಕಣ್ಣಿಗೆ ಕಾಣದ ಶೂನ್ಯಾಗಲದ ಬೇರ್ಪಡಿಕೆ ಚಿಹ್ನೆ ಬೇಕು. ++ ಚಿಹ್ನೆ ಎರಡು ಸಾಲುಗಳನ್ನು ಕೂಡಿಸಬಲ್ಲದು, ಸಂಧಿಯನ್ನು ಅರಿಯದು.

ಹ್ಯಾಸ್ಕೆಲ್‌ಗೆ ‘ನಾರಾಯಣಪೇಟ’, ‘ನಾರಾಯಣಪೇಟೆ’ ಎರಡೂ ಸ್ಟ್ರಿಂಗ್‌ಗಳೇ. ಪ್ರಕಾರಪರೀಕ್ಷೆ ಇಲ್ಲಿ ದೋಷ ಕಾಣುವುದಿಲ್ಲ. ಪರಿಹಾರವೂ ಆ ಭಾಷೆಯಲ್ಲೇ ಇದೆ. ‘ನ್ಯೂಟೈಪ್’ ಘೋಷಣೆಯಿಂದ ‘ಕನ್ನಡ ಲಿಪಿಯ ಪಾಠ’ ಮತ್ತು ‘ಕನ್ನಡದ ಹೆಸರು’ ಎಂಬ ಎರಡು ಪ್ರತ್ಯೇಕ ಪ್ರಕಾರಗಳನ್ನು ರೂಪಿಸಬಹುದು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವ ಏಕೈಕ ಫಂಕ್ಷನ್ ಸ್ಥಳೀಯರು ಒಪ್ಪಿದ ಹೆಸರುಗಳ ಕೋಶವನ್ನು ನೋಡಬೇಕು. ಹೆಸರು ಅಲ್ಲಿಲ್ಲದಿದ್ದರೆ ‘ಮೇಬಿ’ ಪ್ರಕಾರದ ಮೂಲಕ ‘ಇಲ್ಲ’ ಎಂಬ ಉತ್ತರವನ್ನೇ ಹಿಂತಿರುಗಿಸಬೇಕು. ಆಗ ಪರಿಶೀಲನೆಗೊಳಗಾಗದ ರೂಪವು ಕನ್ನಡದ ಹೆಸರೆಂಬ ಮುದ್ರೆಯೊಡನೆ ನಕ್ಷೆಗಾಗಲಿ ಶಾಲಾ ದಾಖಲೆಗಾಗಲಿ ಸೇರಲಾರದು. ಲಿಪಿಯ ಅಂತರವನ್ನು 128 ತುಂಬುತ್ತದೆ. ನುಡಿಯ ಅಂತರವನ್ನು ತುಂಬಬೇಕಾದದ್ದು ಆ ಕೋಶ.