ಎಳೆಯ ಮಗುವಿಗೆ ಕಂಪ್ಯೂಟರ್ ಆಟ: ಆಯ್ಕೆಯ ವಿವೇಚನೆ

ಎಳೆಯ ಮಕ್ಕಳ ಕೈಗೆ ಕಂಪ್ಯೂಟರನ್ನು ಕೊಡಬೇಕೇ, ಬೇಡವೇ ಎಂಬ ಚರ್ಚೆ ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿ ಇನ್ನೂ ಮುಗಿದಿಲ್ಲ. ಮನೆಗಳಲ್ಲಿ ಮಾತ್ರ ಅದು ಎಂದೋ ಮುಗಿದುಹೋಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಂದಿರು ಇಂದಿಗೂ ಅನೇಕರಿದ್ದಾರೆ. ಮಡಿಲಲ್ಲಿ ತಡ್ಪೆ, ಎರಡು ಕೈಗಳೂ ಎಲೆ ಮತ್ತು ಹೊಗೆಸೊಪ್ಪಿನಲ್ಲಿ. ನಾಲ್ಕು ವರ್ಷದ ಕೂಸು ರಚ್ಚೆ ಹಿಡಿದರೆ ಪಕ್ಕದಲ್ಲಿದ್ದ ಮೊಬೈಲು ಅದರ ಕೈ ಸೇರುತ್ತದೆ. ಆ ತಾಯಿಯನ್ನು ದೂಷಿಸುವುದು ಸುಲಭ, ಆಕೆಗೆ ಬೇರೊಂದು ದಾರಿಯನ್ನು ತೋರಿಸುವುದು ಕಷ್ಟ. ಆದುದರಿಂದ ಕೊಡಬೇಕೇ ಎಂಬುದಕ್ಕಿಂತ ಏನನ್ನು ಕೊಡಬೇಕು ಎಂಬ ಪ್ರಶ್ನೆಯೇ ಇಂದು ಹೆಚ್ಚು ಪ್ರಸ್ತುತವಾದುದು.

ಮೊಬೈಲಿನಲ್ಲಿ ಬಿಟ್ಟಿಯಾಗಿ ದೊರೆಯುವ ಬಹುತೇಕ ಆಟಗಳು ನಿಜವಾಗಿ ಬಿಟ್ಟಿಯಲ್ಲ. ಅವುಗಳ ಸಂಪಾದನೆ ಜಾಹೀರಾತಿನಿಂದ. ಮಗು ಎಷ್ಟು ಹೊತ್ತು ಪರದೆಯ ಮುಂದೆ ಉಳಿಯುವುದೋ ಅಷ್ಟು ಲಾಭ. ಅಂತೆಯೇ ಆಟವು ಮುಗಿಯದಂತೆ ರಚಿತವಾಗಿರುತ್ತದೆ. ಐದು ವರ್ಷದೊಳಗಿನ ಮಗುವಿಗೆ ಆಟ ಯಾವುದು, ಜಾಹೀರಾತು ಯಾವುದು ಎಂಬ ಭೇದ ತಿಳಿಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತುಗಳನ್ನು ನಿಷೇಧಿಸುತ್ತದೆ, ನಿಜ. ಆದರೆ ಮೊಬೈಲು ತಂದೆಯ ಹೆಸರಿನಲ್ಲಿದ್ದಾಗ ಆಡುತ್ತಿರುವವನು ಹಸುಳೆಯೆಂದು ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? 2025ರಲ್ಲಿ ಬಂದ ಕಾಯಿದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಈ ಬಗೆಯ ಮಕ್ಕಳ ಆಟಗಳಿಗೆ ಅದು ತಟ್ಟುವುದಿಲ್ಲ. ಕಾಯಿದೆ ತಲುಪದ ಕಡೆ ಮನೆಯವರ ಎಚ್ಚರವೇ ಗತಿ.

ಅಂತರಜಾಲದ ಸಂಪರ್ಕವಿಲ್ಲದೆ ಆಡಬಹುದಾದ ಆಟ, ಅಂದರೆ ಆಫ್‌ಲೈನ್ ಆಟ, ಈ ತೊಡಕಿನ ಬಹುಭಾಗವನ್ನು ಬೇರಿನಲ್ಲೇ ಕಡಿಯುತ್ತದೆ. ಒಮ್ಮೆ ಯಂತ್ರಕ್ಕೆ ಅಳವಡಿಸಿ ಸಂಪರ್ಕವನ್ನು ತೆಗೆದುಬಿಟ್ಟರೆ ಹೊಸ ಜಾಹೀರಾತು ಬಾರದು, ಅಪರಿಚಿತರ ಸಂದೇಶ ಬಾರದು. ಈ ಸೀಮೆಗೆ ಇನ್ನೊಂದು ಕಾರಣವೂ ಉಂಟು. ಚಾರ್ಮಾಡಿ ಮತ್ತು ಕುದುರೆಮುಖದ ತಪ್ಪಲಿನ ಗ್ರಾಮಗಳಲ್ಲಿ ಮಳೆಗಾಲದ ಸಂಪರ್ಕ ಎಂಥದ್ದೆಂಬುದನ್ನು 2020 ಮತ್ತು 2021ರಲ್ಲಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ ವಿದ್ಯಾರ್ಥಿಗಳು ಬಲ್ಲರು.

ಹೊತ್ತಿನ ವಿಷಯ ಸಂಕ್ಷಿಪ್ತ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಯೇ ಗರಿಷ್ಠ, ಕಡಿಮೆಯಾದಷ್ಟೂ ಉತ್ತಮ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಅಭಿಪ್ರಾಯವೂ ಹೆಚ್ಚುಕಡಿಮೆ ಇದೇ: ಎರಡು ವರ್ಷದೊಳಗೆ ಪರದೆಯೇ ಬೇಡ, ಐದರವರೆಗೆ 1 ಗಂಟೆ, ಐದರಿಂದ ಹತ್ತರವರೆಗೆ 2 ಗಂಟೆಗೂ ಕಡಿಮೆ. ಒಳ್ಳೆಯ ಆಟವೆಂಬ ಕಾರಣಕ್ಕೆ ಈ ಮಿತಿ ಸಡಿಲವಾಗುವುದಿಲ್ಲ.

ಆಟಗಳ ಮೇಲೆ ಅಚ್ಚಾದ 3+, 7+ ಎಂಬ ಅಂಕಿಗಳ ಬಗ್ಗೆ ಒಂದು ಭ್ರಾಂತಿಯನ್ನು ಇಲ್ಲಿ ತೊಡೆಯಬೇಕು. 3+ ಎಂದರೆ ಮೂರು ವರ್ಷದ ಮಗುವಿಗೆ ಯೋಗ್ಯವೆಂದಲ್ಲ. ಆ ವಯಸ್ಸಿನ ಮಗು ನೋಡಬಾರದ ಹಿಂಸೆ, ಭಯ, ಅಸಭ್ಯತೆ ಅದರಲ್ಲಿಲ್ಲವೆಂದಷ್ಟೇ. ಚದುರಂಗಕ್ಕೂ 3+ ದೊರೆಯಬಹುದು! ಆದ್ದರಿಂದ ದೊಡ್ಡವರು ಮೊದಲು ತಾವೇ ಅರ್ಧ ಗಂಟೆ ಆಡಿ ನೋಡಬೇಕು. ಮಗು ತಪ್ಪಿದಾಗ ಆಟ ಹೇಗೆ ವರ್ತಿಸುತ್ತದೆ? ಗದರುತ್ತದೆಯೇ, ಸುಮ್ಮನೆ ಇನ್ನೊಂದು ಅವಕಾಶ ಕೊಡುತ್ತದೆಯೇ? ಓದಲು ಬಾರದವನು ತಾನಾಗಿ ಮುಂದುವರಿಯಬಲ್ಲನೇ? ನಡುವೆ ಊಟಕ್ಕೆ ಕರೆದರೆ ನಷ್ಟವಿಲ್ಲದೆ ಎದ್ದು ಬರಬಲ್ಲನೇ? ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಏಳಲು ಬಿಡದ ಆಟ, ಅದೆಷ್ಟೇ ವಿದ್ಯೆ ಕಲಿಸಲಿ, ಎಳೆಯ ಮಗುವಿಗೆ ಸಲ್ಲದು.

ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುವವು ಎರಡು, ಮತ್ತು ಎರಡೂ ಉಚಿತ. ಮೊದಲನೆಯದು ಟಕ್ಸ್ ಪೇಂಟ್. ಅಮೆರಿಕದ ಬಿಲ್ ಕೆಂಡ್ರಿಕ್ 2002ರಲ್ಲಿ ಹೊರತಂದ ಈ ಚಿತ್ರ ಬರೆಯುವ ತಂತ್ರಾಂಶದಲ್ಲಿ ಗೆಲುವೂ ಇಲ್ಲ, ಸೋಲೂ ಇಲ್ಲ. ಚಿತ್ರವನ್ನು ಉಳಿಸಲು ಹೆಸರು ಬರೆಯಬೇಕಾಗಿಲ್ಲ. ಮರುದಿನ ತೆರೆದಾಗ ಹಿಂದಿನ ಚಿತ್ರಗಳು ಪುಟ್ಟ ರೂಪದಲ್ಲಿ ಸಾಲಾಗಿ ಕಾಣುತ್ತವೆ. ಅಕ್ಷರ ಬಾರದ ಮಗುವಿನ ಮನಸ್ಸನ್ನರಿತು ಮಾಡಿದ ಏರ್ಪಾಡಿದು.

ಎರಡನೆಯದು ಜಿಕಾಂಪ್ರಿ. ಫ್ರಾನ್ಸಿನ ಬ್ರೂನೋ ಕುದ್ವಾಂ 2000ದಲ್ಲಿ ಆರಂಭಿಸಿದ ಈ ಸಂಗ್ರಹದಲ್ಲಿ ಎರಡರಿಂದ ಹತ್ತು ವರ್ಷದವರಿಗಾಗಿ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಹೆಸರನ್ನು ಫ್ರೆಂಚ್ ಉಚ್ಚಾರದಲ್ಲಿ ಓದಿದರೆ 'ನನಗೆ ಅರ್ಥವಾಯಿತು' ಎಂದಾಗುತ್ತದೆ. ಮೌಸನ್ನು ಸರಿಸುವ ಅಭ್ಯಾಸದಿಂದ ತೊಡಗಿ ಎಣಿಕೆ, ಬಣ್ಣ, ಅಕ್ಷರ, ಗಡಿಯಾರಗಳವರೆಗೆ ಇದರ ಹರಹು. ಇಷ್ಟೊಂದನ್ನು ಒಮ್ಮೆಲೇ ಮಗುವಿನ ಮುಂದೆ ಹರಡಿದರೆ ಅದು ಜಾತ್ರೆಯಲ್ಲಿ ಕೈತಪ್ಪಿದ ಮಗುವಿನಂತಾದೀತು. ಚಟುವಟಿಕೆಗಳಿಗೆ ನಕ್ಷತ್ರಗಳ ಮೂಲಕ ಕ್ಲಿಷ್ಟತೆಯ ದರ್ಜೆ ಕೊಡಲಾಗಿದೆ. ಮೊದಲ ತಿಂಗಳು ಕೆಳದರ್ಜೆಯವನ್ನು ಮಾತ್ರ ಉಳಿಸಿ ಮಿಕ್ಕವನ್ನು ಮರೆಮಾಡುವ ಅನುಕೂಲ ಅದರ ಆಯ್ಕೆಗಳಲ್ಲೇ ಇದೆ. ಇನ್ನೊಂದು ಸೂಕ್ಷ್ಮವನ್ನು ಅನೇಕರು ಗಮನಿಸುವುದಿಲ್ಲ. ಇದರ ಧ್ವನಿಗಳ ಕಡತ ಪ್ರತ್ಯೇಕವಾಗಿ ಅಂತರಜಾಲದಿಂದ ಇಳಿಯುತ್ತದೆ. ಪೇಟೆಯಲ್ಲಿ ಸಂಪರ್ಕವಿರುವಾಗಲೇ ಅದನ್ನು ಇಳಿಸಿಕೊಳ್ಳದೆ ಯಂತ್ರವನ್ನು ಹಳ್ಳಿಗೆ ಒಯ್ದರೆ ಆಟವು ಮೂಕವಾಗಿರುತ್ತದೆ. ಓದಲು ಬಾರದ ಮಗುವಿಗೆ ಮೂಕ ಆಟದಿಂದ ಪ್ರಯೋಜನವೇನು?

ಐದು ತುಂಬಿದ ಮಕ್ಕಳಿಗೆ ಸ್ಕ್ರ್ಯಾಚ್ ಜೂನಿಯರ್ ಎಂಬುದೊಂದಿದೆ. 2014ರಲ್ಲಿ ಬಂದ ಇದರಲ್ಲಿ ಚಿತ್ರದ ತುಂಡುಗಳನ್ನು ಜೋಡಿಸಿ ಮಗು ತಾನೇ ಕಥೆಯನ್ನು ನಡೆಸುತ್ತದೆ. ಟ್ಯಾಬ್ಲೆಟ್ ಇದ್ದವರಿಗೆ ಇದು ಸೂಕ್ತ.

ಇನ್ನು ಭಾಷೆ. ಈ ಮೂರು ತಾಲೂಕುಗಳ ಎಷ್ಟೋ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡಕ್ಕೆ ಬರುವವರು. ಆಟವು ಇಂಗ್ಲಿಷಿನಲ್ಲೇ ಮಾತಾಡಿದರೆ ಅವರಿಗೆ ಅದು ಮೂರನೆಯ ನುಡಿ. ಕನ್ನಡದ ಆಯ್ಕೆ ಇದೆಯೆಂದು ಬರೆದಿದ್ದರೂ ಬರಹ ಮಾತ್ರ ಕನ್ನಡವೋ, ಧ್ವನಿಯೂ ಕನ್ನಡವೋ ಎಂದು ಕಿವಿಗೊಟ್ಟು ಪರೀಕ್ಷಿಸಬೇಕು. ಒತ್ತಕ್ಷರಗಳು ಒಡೆದು ಕಾಣುವ ಆಟವನ್ನು ಅಕ್ಷರಾಭ್ಯಾಸಕ್ಕೆ ಬಳಸಲೇಬಾರದು. 'ಅಕ್ಕ' ಎಂಬ ಪದವನ್ನು ತಪ್ಪಾಗಿ ಕಲಿತ ಕಣ್ಣು ಅದನ್ನು ಮರೆಯಲು ಬಹಳ ಕಾಲ ಹಿಡಿಯುತ್ತದೆ. ಧ್ವನಿಯನ್ನು ನಿಲ್ಲಿಸಿ, ಬೀಡಿ ಕಟ್ಟುತ್ತಲೇ ತಾಯಿಯೋ ಅಜ್ಜಿಯೋ 'ಒಂಜಿ, ರಡ್ಡ್, ಮೂಜಿ' ಎಂದು ಜೊತೆಗೆ ಎಣಿಸಿದರೆ ಯಾವ ಧ್ವನಿಮುದ್ರಿಕೆಯೂ ಅದಕ್ಕೆ ಸಾಟಿಯಲ್ಲ. ಆಕೆಗೆ ಕಂಪ್ಯೂಟರ್ ಬರಬೇಕೆಂದೇನೂ ಇಲ್ಲ.

ಈ ದಾರಿ ಹೊಸತೂ ಅಲ್ಲ. ಬಂಟ್ವಾಳ ತಾಲೂಕಿನ ಗಡಿಗೆ ಹೊಂದಿಕೊಂಡಿರುವ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಶಿಕ್ಷಣ ವ್ಯವಸ್ಥೆಗೆ ಸೇರಿದವು. ಕೇರಳವು 2001ರಲ್ಲಿ ಐಟಿ@ಸ್ಕೂಲ್ ಯೋಜನೆಯನ್ನು ಆರಂಭಿಸಿ, ಮುಂದೆ ಸ್ವತಂತ್ರ ತಂತ್ರಾಂಶವನ್ನೇ ನೆಚ್ಚಿಕೊಂಡಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಪ್ರಾಥಮಿಕ ತರಗತಿಗಳಿಗೆ ಅಲ್ಲಿ ರೂಪಿಸಿದ ಕಂಪ್ಯೂಟರ್ ಪುಸ್ತಕದ ಹೆಸರು 'ಕಳಿಪ್ಪೆಟ್ಟಿ', ಅಂದರೆ ಆಟದ ಪೆಟ್ಟಿಗೆ. ಹೆಸರಿನಲ್ಲೇ ಅವರ ದೃಷ್ಟಿ ವ್ಯಕ್ತವಾಗಿದೆ.

ಆಟಿ ತಿಂಗಳ ಚೆನ್ನೆಮಣೆಯನ್ನು ಇಲ್ಲಿ ನೆನೆಯದಿರಲಾಗದು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ: ಒಟ್ಟು 56. ಆಫ್ರಿಕದ ಅವೇಲೆ ಎಂಬ ಆಟ ಇದೇ ಮನೆತನದ್ದು. ಅಲ್ಲಿ 12 ಗುಳಿ, 48 ಕಾಯಿ. ಜಿಕಾಂಪ್ರಿಯ ಹಳೆಯ ಆವೃತ್ತಿಯಲ್ಲಿ ಅವೇಲೆಗೂ ಸ್ಥಾನವಿತ್ತು. ಪರದೆಯ ಮೇಲೆ ಕಾಯಿ ಬಿತ್ತಿದ ಮಗುವಿಗೆ ಅಟ್ಟದ ಮೇಲಿನ ಚೆನ್ನೆಮಣೆಯನ್ನು ಇಳಿಸಿ ಕೊಟ್ಟರೆ ಎರಡರ ಸಂಬಂಧ ತಾನಾಗಿ ಹೊಳೆಯುವುದು. ಮಂಜೊಟ್ಟಿಯ ನುಣುಪನ್ನಂತೂ ಪರದೆ ಕೊಡಲಾರದು. ತೀರ ಎಳೆಯ ಕೂಸು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಬೇಕು.

ಶಾಲೆಗೆ, ಅಂಗನವಾಡಿಗೆ ಕಂಪ್ಯೂಟರ್ ದಾಸೋಹ ಮಾಡಬಯಸುವ ದಾನಿಗಳಿಗೆ ಈಗ ಸುಸಂದರ್ಭ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುದರಿಂದ ಕಚೇರಿಗಳು ಸುಸ್ಥಿತಿಯ ಯಂತ್ರಗಳನ್ನು ಮೂಲೆಗೆ ಸರಿಸುತ್ತಿವೆ. ಅವುಗಳಿಗೆ ಲಿನಕ್ಸ್ ಅಳವಡಿಸಿ, ಮೇಲಿನ ತಂತ್ರಾಂಶಗಳನ್ನು ತುಂಬಿ, ಸಂಪರ್ಕವಿಲ್ಲದೆ ಬಳಸಿದರೆ ಇನ್ನೂ ಕೆಲವು ವರ್ಷ ಬಾಳುತ್ತವೆ. ಬರಿಯ ಯಂತ್ರವನ್ನು ಕೊಟ್ಟು ಕೈತೊಳೆದುಕೊಳ್ಳದೆ, ಮಗುವಿನ ಅಂಗೈಗೆ ಹೊಂದುವ ಪುಟ್ಟ ಮೌಸ್, ಸಿಡಿಲಿನ ದಿನಗಳಲ್ಲಿ ಪ್ಲಗ್ಗು ತೆಗೆದಿಡಬೇಕೆಂಬ ಸೂಚನೆ, ಮತ್ತು ಒಂದು ಯಂತ್ರದ ಮುಂದೆ ಎರಡು ಪುಟ್ಟ ಕುರ್ಚಿ, ಇಷ್ಟನ್ನೂ ಜೊತೆಗೆ ಕೊಡುವುದು ಒಳ್ಳೆಯದು.