ಜರ್ಮನಿಯ ಓದು: ಕೇಳಿದ್ದೆಷ್ಟು, ನಿಜವೆಷ್ಟು?

ಜರ್ಮನಿಯಲ್ಲಿ ಓದುತ್ತಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರೇ ಅತಿ ದೊಡ್ಡ ಗುಂಪು. 2024-25ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅವರ ಸಂಖ್ಯೆ 59 ಸಾವಿರದ ಆಸುಪಾಸು ಇತ್ತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಮನೆಗಳಲ್ಲೂ ಆ ದೇಶದ ಮಾತು ಬರುತ್ತದೆ. ಮಾತಿನ ಜೊತೆ ತಪ್ಪು ತಿಳಿವಳಿಕೆಯೂ ಬರುತ್ತದೆ.

ತಪ್ಪು ಕಲ್ಪನೆ 1: “ಅಲ್ಲಿ ಪುಕ್ಕಟೆ ಓದಬಹುದಂತ, ರೊಕ್ಕಾ ಹತ್ತೂದಿಲ್ಲಂತ.”

ಸತ್ಯ: ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಎಂಬುದು ನಿಜ. ಆದರೆ ಎಲ್ಲ ಕಡೆಯೂ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಐರೋಪ್ಯ ಒಕ್ಕೂಟದ ಹೊರಗಿನವರಿಂದ 2017ರಿಂದಲೇ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಹೈಡೆಲ್‌ಬರ್ಗ್, ಸ್ಟುಟ್‌ಗಾರ್ಟ್ ಇರುವುದು ಅದೇ ರಾಜ್ಯದಲ್ಲಿ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವು 2024ರ ಚಳಿಗಾಲದಿಂದ ಹೊಸದಾಗಿ ಸೇರುವ ಇಂಥ ವಿದೇಶಿಯರಿಗೆ ಸ್ನಾತಕೋತ್ತರ ಕೋರ್ಸ್‌ಗಳಲ್ಲಿ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಶುಲ್ಕ ಇಟ್ಟಿದೆ.

ಶುಲ್ಕ ಇಲ್ಲದ ಕಡೆಯೂ ಊಟ, ಬಾಡಿಗೆ, ಆರೋಗ್ಯ ವಿಮೆ ತಪ್ಪುವುದಿಲ್ಲ. ಅದಕ್ಕಾಗಿಯೇ ವೀಸಾಕ್ಕೆ ಮೊದಲು ‘ಬ್ಲಾಕ್ಡ್ ಅಕೌಂಟ್’ ತೆರೆದು ಒಂದು ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತ 11,904 ಯೂರೋಗೆ ಏರಿತು. ಯೂರೋಗೆ ನೂರು ರೂಪಾಯಿ ಹಿಡಿದರೂ ಸುಮಾರು 12 ಲಕ್ಷ. ಅಲ್ಲಿ ಹೋದ ಮೇಲೆ ಅದು ತಿಂಗಳಿಗೆ 992 ಯೂರೋದಂತೆ ನಿಮ್ಮ ಕೈಗೇ ಬರುತ್ತದೆ. ಆದರೆ ಮೊದಲು ಗಂಟು ಒಟ್ಟಿಗೇ ಬೇಕು. ಕಬ್ಬಿನ ಬಿಲ್ಲು ಕಂತಿನಲ್ಲಿ ಬರುವ ಮನೆಗಳು ಇದನ್ನು ವರ್ಷ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಶೈಕ್ಷಣಿಕ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ; ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆ ಇದೆ.

ತಪ್ಪು ಕಲ್ಪನೆ 2: “ಪಿಯುಸಿ ಮುಗದ ಕೂಡ್ಲೆ ಸೀದಾ ಹೋಗಬಹುದು.”

ಸತ್ಯ: ಪಿಯುಸಿ ಅಂಕಪಟ್ಟಿಯೊಂದೇ ನೇರ ಪ್ರವೇಶಕ್ಕೆ ಸಾಲದು. ಸಾಮಾನ್ಯವಾಗಿ ಇಲ್ಲಿಯೇ ಪದವಿಯ ಒಂದು ವರ್ಷ ಮುಗಿಸಿರಬೇಕು, ಇಲ್ಲವೇ ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ಅಲ್ಲದೆ ಬಹುಪಾಲು ಪದವಿ ಕೋರ್ಸ್‌ಗಳು ಜರ್ಮನ್ ಭಾಷೆಯಲ್ಲಿವೆ. ಇಂಗ್ಲಿಷ್ ಕೋರ್ಸ್‌ಗಳು ಹೆಚ್ಚಾಗಿ ಸಿಗುವುದು ಸ್ನಾತಕೋತ್ತರ ಹಂತದಲ್ಲಿ. ಹಾಗಾಗಿ ನಮ್ಮ ಕಡೆಯ ಹೆಚ್ಚಿನವರಿಗೆ ಬಿಇ ಅಥವಾ ಬಿಎಸ್ಸಿ ಮುಗಿಸಿ ಹೋಗುವುದೇ ಸರಿಯಾದ ದಾರಿ.

ತಪ್ಪು ಕಲ್ಪನೆ 3: “ಡಿಸ್ಟಿಂಕ್ಷನ್ ಇದ್ರ ಸೀಟ ಪಕ್ಕಾ.”

ಸತ್ಯ: ಅಲ್ಲಿ 1.0 ಅತ್ಯುತ್ತಮ ಅಂಕ, 4.0 ಅಂದರೆ ಬರೀ ಪಾಸು. ಹತ್ತಕ್ಕೆ 8 ಸಿಜಿಪಿಎ ಇದ್ದು, ಪಾಸಾಗಲು ಕನಿಷ್ಠ 4 ಬೇಕೆಂದು ಹಿಡಿದರೆ ಅವರ ಲೆಕ್ಕದಲ್ಲಿ ಅದು 2.0. ಅಂಕದಷ್ಟೇ ಮುಖ್ಯವಾದುದು ನೀವು ಓದಿದ ವಿಷಯಗಳು. ಗಣಿತ, ಪ್ರೋಗ್ರಾಮಿಂಗ್ ಮುಂತಾದ ವಿಷಯಗಳಲ್ಲಿ ಅವರು ಕೇಳುವಷ್ಟು ಕ್ರೆಡಿಟ್ ಇಲ್ಲದಿದ್ದರೆ 9 ಸಿಜಿಪಿಎ ಇದ್ದರೂ ಅರ್ಜಿ ತಿರಸ್ಕೃತವಾಗಬಹುದು. ಶಾಲೆಯಲ್ಲಿ ಕನ್ನಡ ಮಾಧ್ಯಮವಿತ್ತೇ ಎಂದು ಯಾರೂ ಕೇಳುವುದಿಲ್ಲ. ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕ ಕೇಳುತ್ತಾರೆ.

ತಪ್ಪು ಕಲ್ಪನೆ 4: “ಅಡ್ಮಿಷನ್ ಸಿಕ್ರ ಆತು, ಪಾಸ್ ಆಗೂದೇನ್ ದೊಡ್ಡದಲ್ಲ.”

ಸತ್ಯ: ಕಷ್ಟ ಶುರುವಾಗುವುದೇ ಅಲ್ಲಿಂದ. ಎಷ್ಟೋ ವಿಷಯಗಳಲ್ಲಿ ಇಂಟರ್ನಲ್ ಅಂಕಗಳ ಆಸರೆ ಇರುವುದಿಲ್ಲ, ಕೊನೆಯ ಒಂದು ಪರೀಕ್ಷೆಯೇ ಎಲ್ಲ. ಪರೀಕ್ಷೆಗೆ ಗಡುವಿನೊಳಗೆ ನೀವೇ ಹೆಸರು ನೋಂದಾಯಿಸಬೇಕು, ನೆನಪಿಸುವವರಿಲ್ಲ. ಕಡ್ಡಾಯ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಸಲ ಫೇಲಾದರೆ ಆ ಕೋರ್ಸಿನಿಂದಲೇ ಹೊರಗೆ. ಹತ್ತಾರು ಸಾವಿರ ಮಂದಿ ಓದುವ ದೊಡ್ಡ ವಿಶ್ವವಿದ್ಯಾಲಯದಲ್ಲಿ ಬೆನ್ನು ಹತ್ತಿ ಓದಿಸುವ ಮೇಷ್ಟ್ರನ್ನು ನಿರೀಕ್ಷಿಸಬಾರದು.

ತಪ್ಪು ಕಲ್ಪನೆ 5: “ಪಾರ್ಟ್ ಟೈಮ್ ದುಡದು ಎಲ್ಲಾ ಖರ್ಚು ನೀಗಸ್ತೀನಿ. ಜರ್ಮನ್ ಯಾಕ ಬೇಕ?”

ಸತ್ಯ: ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶವಿದೆ. ಆದರೆ ಮುಂದೆ ದುಡಿಯುವ ಹಣವನ್ನು ವೀಸಾಕ್ಕೆ ತೋರಿಸಲಾಗದು. ಪಾಠ ಇಂಗ್ಲಿಷಿನಲ್ಲಿದ್ದರೂ ಮನೆ ಹುಡುಕಲು, ಸರ್ಕಾರಿ ಕಚೇರಿಯ ಕಾಗದ ಓದಲು, ಹೆಚ್ಚಿನ ಕೆಲಸಗಳಿಗೆ ಜರ್ಮನ್ ಬೇಕೇ ಬೇಕು. ಓದು ಮುಗಿದ ಮೇಲೆ ನೌಕರಿ ಹುಡುಕಲು ಸಿಗುವ 18 ತಿಂಗಳಲ್ಲಂತೂ ಭಾಷೆಯೇ ದೊಡ್ಡ ಬಂಡವಾಳ.

ತಪ್ಪು ಕಲ್ಪನೆ 6: “ಏಜೆಂಟ್ ಇಲ್ದ ಆಗೂದಿಲ್ಲ.”

ಸತ್ಯ: ಆಗುತ್ತದೆ. ಅರ್ಜಿಯನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಅಥವಾ ‘ಯೂನಿ-ಅಸಿಸ್ಟ್’ ಎಂಬ ಅರ್ಜಿ ಜಾಲತಾಣದ ಮೂಲಕ ನೀವೇ ಹಾಕಬಹುದು. ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್‌ನ (DAAD) ಜಾಲತಾಣದಲ್ಲಿ ಕೋರ್ಸ್‌ಗಳ ಪಟ್ಟಿ ಉಚಿತ. ಅಂಕಪಟ್ಟಿ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಕಡ್ಡಾಯ; ಅದಕ್ಕೂ ನೀವೇ ಅರ್ಜಿ ಹಾಕಬಹುದು. ಏಜೆಂಟ್ ತೋರಿಸಿದ ಹೆಸರು ದುಬಾರಿ ಖಾಸಗಿ ಕಾಲೇಜಿನದೋ ಎಂದು ಮೊದಲು ನೋಡಿ.

ಕೋರ್ಸ್ ಆರಿಸುವಾಗ ಊರನ್ನೂ ನೆನೆಯಿರಿ. ಕಂಪ್ಯೂಟರ್ ಸೈನ್ಸ್ ಒಂದೇ ಅಲ್ಲ: ಆಖೆನ್ ಮತ್ತು ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಜವಳಿ ತಂತ್ರಜ್ಞಾನದ ದೊಡ್ಡ ಸಂಶೋಧನಾ ಕೇಂದ್ರಗಳಿವೆ, ಹೋಹೆನ್‌ಹೈಮ್ ಕೃಷಿ ವಿಜ್ಞಾನಕ್ಕೆ ಹೆಸರಾಗಿದೆ. ಮಗ್ಗದ ಸದ್ದಿನಲ್ಲಿ, ಕಬ್ಬಿನ ಗದ್ದೆಯಲ್ಲಿ ಬೆಳೆದವರಿಗೆ ಇವೂ ದಾರಿಗಳೇ. ಅಕ್ಟೋಬರ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಅರ್ಜಿಯ ಕೊನೆಯ ದಿನ ಕೆಲವೆಡೆ ಮಾರ್ಚ್ 1, ಹಲವೆಡೆ ಜುಲೈ 15. ಆದ್ದರಿಂದ ಕೊನೆಯ ವರ್ಷದ ಫಲಿತಾಂಶ ಬರಲೆಂದು ಕಾಯಬೇಡಿ; ಜರ್ಮನ್ ಪಾಠ ಮತ್ತು ಹಣದ ಲೆಕ್ಕ, ಎರಡನ್ನೂ ಕೊನೆಯ ವರ್ಷಕ್ಕೆ ಮೊದಲೇ ಶುರುಮಾಡಿ.