ಗಾಡಿ ಗಟ್ಟಿ ನಿಂತರ ಕೈ ಉಳಿದೀತು



ನಮ್ಮ ಕಾಕಾನ ಬಲಗೈ ತೋರಬೆರಳಿಗೆ ತುದಿ ಇಲ್ಲ. ಕಬ್ಬು ಕಡಿಯುವಾಗ ಕೊಯ್ತಾ ಹತ್ತಿರಬೇಕು ಅಂತ ಎಲ್ಲರೂ ತಿಳೀತಾರ. ಅಲ್ಲ. ಅದು ಹೋದದ್ದು ಮನೆ ಅಂಗಳದಾಗ, ಗಾಡಿಯ ಚೈನ್ ಒರೆಸುವಾಗ. ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಚಾಲೂ ಇಟ್ಟು, ಗೇರ್ ಹಾಕಿ, ತಿರುಗುವ ಚೈನಿಗೆ ಅರಿವೆ ಹಿಡಿದಿದ್ದರು. ಅರಿವೆ ಹಲ್ಲಿನ ಚಕ್ರಕ್ಕೆ ಸಿಕ್ಕಿತು, ಅದರ ಹಿಂದೆ ಬೆರಳೂ ಹೋಯಿತು. ಅದಕ್ಕೇ ಈ ಲೇಖನ.

ನಮ್ಮ ಕಾಗವಾಡ ಭಾಗ ಕೃಷ್ಣಾ ನದಿ ಬಯಲಿನ ಎರೆ ಭೂಮಿ. ಕಬ್ಬಿನ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ರಾಡಿ, ಬೇಸಿಗೆಗೆ ಧೂಳು. ಎರಡೂ ಚೈನಿಗೆ ಮೆತ್ತುತ್ತವೆ. ಹೀಗಾಗಿ ಚೈನ್ ಒರೆಸಿ ಎಣ್ಣೆ ಬಿಡುವುದು ಮನೆಮನೆಯ ಕೆಲಸ. ಚಕ್ಕಡಿಯ ಗಾಲಿ ಬಿಚ್ಚಿ ಕೀಲೆಣ್ಣೆ ಹಾಕುವ ಮೊದಲು ಹಿರಿಯರು ಅಚ್ಚಿನ ಕೆಳಗೆ ಗಟ್ಟಿ ಆಧಾರ ಕೊಡ್ತಾರ. ಅದೇ ಬುದ್ಧಿ ಮೋಟಾರ್ ಸೈಕಲ್ಲಿಗೂ ಬೇಕು.

ಯಾವ ಸ್ಟ್ಯಾಂಡ್ ಯಾವುದಕ್ಕೆ?

1) ಸೈಡ್ ಸ್ಟ್ಯಾಂಡ್: ಇದು ಗಾಡಿ ನಿಲ್ಲಿಸಲಿಕ್ಕೆ ಮಾತ್ರ, ದುರಸ್ತಿಗಲ್ಲ. ಹಿಂದಿನ ಗಾಲಿ ನೆಲದ ಮೇಲೇ ಇರ್ತದ, ತಿರುಗೋದಿಲ್ಲ.

2) ಡಬಲ್ ಸ್ಟ್ಯಾಂಡ್: ಸ್ಪ್ಲೆಂಡರಿನಂಥ ಗಾಡಿಗೆ ಮನೆಗೆಲಸಕ್ಕೆ ಇದೇ ಸಾಕು, ಬೇರೆ ಕೊಳ್ಳಬೇಕಾಗಿಲ್ಲ.

3) ಹಿಂದಿನ ಗಾಲಿ ಎತ್ತುವ ಪ್ಯಾಡಕ್ ಸ್ಟ್ಯಾಂಡ್: ಡ್ಯೂಕ್, ಆರ್15 ಮುಂತಾದ ಗಾಡಿಗೆ ಡಬಲ್ ಸ್ಟ್ಯಾಂಡ್ ಇರೋದಿಲ್ಲ. ಅಂಥವರು ಇದನ್ನು ಕೊಳ್ಳಬೇಕು. ಕೊಳ್ಳುವಾಗ ಮೂರು ಮಾತು ನೋಡ್ರಿ: ಸ್ಟ್ಯಾಂಡ್ ತಡೆಯುವ ಭಾರ ಗಾಡಿಯ ತೂಕಕ್ಕಿಂತ ಹೆಚ್ಚಿರಬೇಕು (ಸ್ಪ್ಲೆಂಡರ್ ಸುಮಾರು 110 ಕಿಲೋ, ಬುಲೆಟ್ 350 ಸುಮಾರು 190 ಕಿಲೋ), ಅದರ ಅಗಲ ಗಾಲಿ ಹಿಡಿದ ಎರಡು ತೋಳಿಗೆ ಸರಿಯಾಗಿ ಹೊಂದಬೇಕು, ವೆಲ್ಡಿಂಗ್ ಬಿರುಕು ಬಿಟ್ಟಿರಬಾರದು.

ಇಟ್ಟಂಗಿ, ಕಲ್ಲು, ಎಣ್ಣೆ ಡಬ್ಬಿ ಸ್ಟ್ಯಾಂಡ್ ಅಲ್ಲ. ಪಾನಾ ಹಾಕಿ ಜಗ್ಗಿದಾಗ ಅವು ಜಾರ್ತಾವ.

ನೆಲದ ಲೆಕ್ಕ

ವಿಜ್ಞಾನದ ಪಾಠ ನೆನಪಿದೆಯೇ? ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಸ್ಟ್ಯಾಂಡಿನ ಪಾದ 20 ಚದರ ಸೆಂ.ಮೀ. ಇದೆ ಅನ್ನೋಣ. ಅದರ ಕೆಳಗೆ 20 ಸೆಂ.ಮೀ. ಉದ್ದ, ಅಷ್ಟೇ ಅಗಲದ ದಪ್ಪ ಹಲಿಗೆ ಇಟ್ಟರೆ ವಿಸ್ತೀರ್ಣ 400 ಚದರ ಸೆಂ.ಮೀ. ಆಗ್ತದ. ನೆಲದ ಮೇಲಿನ ಒತ್ತಡ 20 ಪಟ್ಟು ಕಡಿಮೆ! ಹಸಿ ಎರೆ ಮಣ್ಣಿನಾಗ ಸೈಡ್ ಸ್ಟ್ಯಾಂಡ್ ಹುಗಿದು ಗಾಡಿ ಬೀಳೋದು ಯಾಕೆ ಅಂತ ಈಗ ತಿಳಿಯಿತಲ್ಲ? ಹೊಲದಾಗ ನಿಲ್ಲಿಸಲಿಕ್ಕೆ ಹಲಿಗೆ ಬೇಕು. ದುರಸ್ತಿಗೆ ಮಾತ್ರ ಸಮನಾದ ಫರಸಿ ಅಥವಾ ಸಿಮೆಂಟ್ ನೆಲವೇ ಬೇಕು.

ಹಾಕುವ ರೀತಿ

ಇಂಜಿನ್ ಬಂದ್ ಮಾಡಿ ಕೀಲಿ ಕಿಸೆಯಲ್ಲಿ ಇಟ್ಟುಕೊಳ್ಳಿ. ಸೈಲೆನ್ಸರ್ ತಣ್ಣಗಾಗಲಿ. ಗಾಡಿಯ ಎಡಕ್ಕೆ ನಿಂತು, ಎಡಗೈಯಿಂದ ಹ್ಯಾಂಡಲ್, ಬಲಗೈಯಿಂದ ಸೀಟಿನ ಹಿಂದಿನ ಹಿಡಿಕೆ ಹಿಡೀರಿ. ಡಬಲ್ ಸ್ಟ್ಯಾಂಡಿನ ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಅದರ ಕಿವಿಯ ಮೇಲೆ ಬಲಗಾಲು ಇಟ್ಟು ಮೈಭಾರ ಹಾಕಿರಿ. ಅದು ಸನ್ನೆಯಂತೆ ಕೆಲಸ ಮಾಡಿ ಗಾಡಿಯನ್ನು ತಾನೇ ಎತ್ತುತ್ತದೆ. ಕೈಯಿಂದ ಜಗ್ಗಿ ಎತ್ತಿದರೆ ಸೊಂಟ ಹಿಡೀತದ.

ಪ್ಯಾಡಕ್ ಸ್ಟ್ಯಾಂಡಿಗೆ ಇಬ್ಬರು ಬೇಕು. ಒಬ್ಬರು ಮುಂದಿನ ಬ್ರೇಕ್ ಒತ್ತಿ ಗಾಡಿ ನೆಟ್ಟಗೆ ಹಿಡೀಬೇಕು, ಇನ್ನೊಬ್ಬರು ಹಿಂದಿನಿಂದ ಸ್ಟ್ಯಾಂಡಿನ ಹಿಡಿಕೆ ನಿಧಾನ ಕೆಳಗೆ ಒತ್ತಬೇಕು.

ಗಾಡಿ ಅಲುಗಾಡದೆ ನಿಂತಿದೆಯೋ ನೋಡಿ, ಗೇರ್ ನ್ಯೂಟ್ರಲ್ ಮಾಡಿ, ಗಾಲಿಯನ್ನು ಟೈರು ಹಿಡಿದು ಕೈಯಿಂದಲೇ ತಿರುಗಿಸ್ರಿ. ತಿರುಗಿಸುವಾಗ ಒರೆಸಬ್ಯಾಡ್ರಿ, ಒರೆಸುವಾಗ ತಿರುಗಿಸಬ್ಯಾಡ್ರಿ. ಸಣ್ಣ ಮಕ್ಕಳು ಸಮೀಪ ಬರಬಾರದು, ಸ್ಟ್ಯಾಂಡಿನ ಮೇಲಿನ ಗಾಡಿ ಹತ್ತಬಾರದು. ಇಳಿಸುವ ಮೊದಲು ಸೈಡ್ ಸ್ಟ್ಯಾಂಡ್ ಬಿಚ್ಚಿಡ್ರಿ.

ಕಾಕಾ ಈಗಲೂ ತಮ್ಮ ಗಾಡಿ ತಾವೇ ಒರೆಸ್ತಾರ. ಆದರೆ ಮೊದಲು ನನ್ನನ್ನು ಕರೆದು ಕೀಲಿ ನನ್ನ ಕೈಗೆ ಕೊಡ್ತಾರ. "ಕೆಲಸ ಮುಗಿಯೂತನಕ ಕೊಡಬ್ಯಾಡ" ಅಂತಾರ. ಗೆಳೆಯರೇ, ಬರುವ ರವಿವಾರ ನಿಮ್ಮ ಅಪ್ಪನೋ ಅಣ್ಣನೋ ಗಾಡಿ ಒರೆಸಲಿಕ್ಕೆ ಕೂತರ, ನೀವೂ ಆ ಕೀಲಿ ಕೇಳಿ ಇಸಕೊಳ್ರಿ.